ಈಜು ಕಳೆದು ಎಷ್ಟು ಹೇಳಿ

ಹದಿನೆಂಟು ಸಾವಿರದ ನಾನೂರು ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ರೆಸಾರ್ಟಿಗೆ ಹೋಗಿ ಬಂದವರು ನಿಮಗೆ ಸೂರ್ಯ ಮುಳುಗುವ ಫೋಟೋ ತೋರಿಸುತ್ತಾರೆ, ಯಾವುದೋ ಹಕ್ಕಿಯ ಫೋಟೋ ತೋರಿಸುತ್ತಾರೆ, ಎಷ್ಟಾಯಿತು ಎಂದು ಕೇಳಿದರೆ ಮಾತ್ರ "ಪರವಾಗಿಲ್ಲ, ರೀಸನಬಲ್" ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಆ ಜಾತಿಯವನಲ್ಲ. ಇಬ್ಬರಿಗೆ, ಎರಡು ರಾತ್ರಿಗೆ, ವಾಸ, ತಿಂಡಿ, ಊಟ, ಕಾಫಿ, ಸಂಜೆಯ ಪಕೋಡ ಸೇರಿ ಹದಿನೆಂಟು ಸಾವಿರದ ನಾನೂರು. ಅವರು ಮೊದಲು ಹೇಳಿದ್ದು ಇಪ್ಪತ್ತೆಂಟು ಸಾವಿರ. ಹೋದ ಕಾರಣ, ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು. ಇಪ್ಪತ್ತೈದು ವರ್ಷದಲ್ಲಿ ನನ್ನ ಹೆಂಡತಿ ಗಿರಿಜಳನ್ನು ನಾನು ಕರೆದುಕೊಂಡು ಹೋದ ಪ್ರವಾಸಗಳೆಲ್ಲ ಒಂದೋ ಯಾರದೋ ಮದುವೆಗೆ, ಇಲ್ಲವೇ ಸೂರತ್ತಿಗೆ ಲೇಸಿನ ಖರೀದಿಗೆ. ಸೂರತ್ತಿನಲ್ಲಿ ಅವಳು ಮೂರು ದಿನ ಗೋದಾಮಿನಲ್ಲಿ ಕುಳಿತು ಲೇಸು ನೋಡಿದ್ದಳು. ಅದನ್ನು ಹನಿಮೂನ್ ಎಂದು ನಾನು ಇಂದಿಗೂ ವಾದಿಸುತ್ತೇನೆ. ಅವಳು ಇಂದಿಗೂ ಒಪ್ಪಿಲ್ಲ.

ನನ್ನ ಪರಿಚಯ ಹೇಳಬೇಕು. ಬಳೇಪೇಟೆಯಲ್ಲಿ ಗುಂಡಿ, ಲೇಸು, ಜಿಪ್ಪು ಮಾರುವ ಸಗಟು ವ್ಯಾಪಾರಿ ನಾನು. ಹದಿನೇಳನೆಯ ವಯಸ್ಸಿನಲ್ಲಿ ಅದೇ ಬೀದಿಯ ಒಂದು ಅಂಗಡಿಯಲ್ಲಿ ಗುಂಡಿ ಎಣಿಸಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದವನು, ಇವತ್ತು ಎದುರುಗಡೆಯೇ ಹತ್ತಡಿ ಅಗಲದ ಸ್ವಂತ ಅಂಗಡಿಯಲ್ಲಿ ಕುಳಿತಿದ್ದೇನೆ. ಮನೆ ಶಂಕರಪುರದಲ್ಲಿ. ನಮ್ಮ ರಸ್ತೆಯಲ್ಲಿ ಯಾರು ಫ್ರಿಜ್ ಕೊಂಡರೂ, ಯಾರು ಮದುವೆಗೆ ಛತ್ರ ಮಾತಾಡಿದರೂ ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ, ಕರೆಯದಿದ್ದರೂ ಹೋಗುತ್ತೇನೆ. ಒಬ್ಬ ಮನುಷ್ಯ ಅನ್ಯಾಯದ ಬೆಲೆ ಕೊಡುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಬೆಲೆ ಇಳಿಸುವುದು ಅರ್ಧ ವಿದ್ಯೆ. ಇನ್ನರ್ಧ ಕೊಸರು. ಕೊತ್ತಂಬರಿ ಕೊಂಡ ಮೇಲೆ ಎರಡು ಎಸಳು ಕರಿಬೇವು ಎತ್ತಿಕೊಳ್ಳುತ್ತೀರಲ್ಲ, ಅದೇ ಕೊಸರು. ಕೊಸರಿಲ್ಲದ ವ್ಯಾಪಾರ ವಗ್ಗರಣೆಯಿಲ್ಲದ ಸಾರು. ಛತ್ರದವರ ಹತ್ತಿರ ನಾನು ಕೊಸರಾಗಿ ಎಂಟು ಪ್ಲಾಸ್ಟಿಕ್ ಕುರ್ಚಿ ಪಡೆದಿದ್ದೇನೆ. ನನಗೆ ಟೋಪಿ ಹಾಕುವವನು ಬಳೇಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಅಲ್ಲಿನ ಕೈಗಾಡಿಯವರೂ ಹೇಳುತ್ತಾರೆ.

ರೆಸಾರ್ಟಿನ ಮಾತು ತೆಗೆದವಳು ಕಾಲೇಜಿಗೆ ಹೋಗುವ ನಮ್ಮ ಮಗಳು ಸಂಜನ. ಕನಕಪುರ ರಸ್ತೆಯ ಆಚೆ ಒಂದು ಒಳ್ಳೆಯ ಜಾಗವಿದೆ, ಒಂದೇ ದುಡ್ಡಿಗೆ ಎಲ್ಲ ಸೇರಿ ಎಂದು ಫೋನಿನಲ್ಲಿ ತೋರಿಸಿದಳು. "ನಿನಗೇನು ಬೇಕಮ್ಮಾ, ಹೇಳು" ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದಳು. ಗಿರಿಜ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಿ, "ನಂಗೇನೂ ಬೇಡ ಕಣೇ. ರೀ, ಎಲ್ಲಾದ್ರೂ ಆಗ್ಲಿ, ನೀರು ಚೆನ್ನಾಗಿರೋ ಜಾಗ ನೋಡಿ. ಅಷ್ಟು ಸಾಕು" ಎಂದಳು.

ಇಪ್ಪತ್ತೈದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಆ ಮಾತನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ ಎಂಬುದಕ್ಕೆ ಸಾಕ್ಷಿಯಿದೆ. ರೆಸಾರ್ಟಿಗೆ ಫೋನ್ ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆಯೇ "ನೀರು ಹೇಗಿದೆ?" ಎಂಬುದು.

"ಸೂಪರಾಗಿದೆ ಸರ್" ಎಂದಿತು ಒಂದು ಹುಡುಗಿಯ ದನಿ. ಹೆಸರು ಚೈತ್ರ ಎಂದು ಆಮೇಲೆ ತಿಳಿಯಿತು.

"ಸೂಪರ್ ಗೀಪರ್ ಬೇಡಮ್ಮ. ಕಾವೇರಿನೋ ಬೋರೋ?"

"ಬೋರ್ ಸರ್... ಆದ್ರೆ ಫಿಲ್ಟರ್ ಇದೆ."

"ಇಪ್ಪತ್ನಾಲ್ಕು ಗಂಟೆ ಬರುತ್ತಾ? ಬಿಸಿನೀರು ಸೋಲಾರೋ ಗೀಸರೋ? ಸ್ನಾನ ಮಾಡಿದ್ರೆ ಕೂದಲು ಅಂಟಂಟಾಗುತ್ತಾ?"

ಎಲ್ಲಕ್ಕೂ ಅವಳು ತಾಳ್ಮೆಯಿಂದ ಉತ್ತರ ಕೊಟ್ಟಳು. ನನಗೆ ಸಮಾಧಾನವಾಯಿತು. ಬಾಡಿಗೆ ಮನೆ ನೋಡಲು ಹೋದವನು ದೇವರ ಕೋಣೆಗಿಂತ ಮೊದಲು ಸಂಪಿನ ಮುಚ್ಚಳ ಎತ್ತಿ ನೋಡುವ ಊರಿನಲ್ಲಿ, "ನೀರು ಚೆನ್ನಾಗಿರಬೇಕು" ಎಂಬ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ಹೊಳೆಯುವುದಾದರೂ ಹೇಗೆ, ನೀವೇ ಹೇಳಿ.

ನೀರಿನ ವಿಷಯ ಇತ್ಯರ್ಥವಾದ ಮೇಲೆ ಬೆಲೆಗೆ ಬಂದೆ. "ಇಪ್ಪತ್ತೆಂಟು ಸಾವಿರ ಸರ್, ಎಲ್ಲಾ ಸೇರಿ" ಎಂದಳು. ಈ 'ಎಲ್ಲಾ ಸೇರಿ' ಎಂಬ ಮಾತನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ನಮ್ಮಲ್ಲಿ ಅದಕ್ಕೆ ಲಾಟು ಎನ್ನುತ್ತೇವೆ. ಮೇಲೆ ನಾಲ್ಕು ಡಜನ್ ಚೆಂದದ ಮುತ್ತಿನ ಗುಂಡಿ, ಅದರ ಕೆಳಗೆ ಯಾರೂ ಕೊಳ್ಳದ ಹಳದಿ ಗುಂಡಿ, ಅದರ ಕೆಳಗೆ ಒಡೆದದ್ದು. ಎಲ್ಲಾ ಸೇರಿ ಇಷ್ಟು. ಬುದ್ಧಿವಂತನಾದವನು ಲಾಟನ್ನು ನೆಲದ ಮೇಲೆ ಸುರಿಸಿ, ಬೇಡದ್ದನ್ನು ಪಕ್ಕಕ್ಕೆ ತಳ್ಳಿ, ಉಳಿದದ್ದಕ್ಕೆ ಬೆಲೆ ಕಟ್ಟುತ್ತಾನೆ. ನಾನು ರೆಸಾರ್ಟನ್ನು ನೆಲದ ಮೇಲೆ ಸುರಿಸಿದೆ.

"ಅದರಲ್ಲಿ ಏನೇನು ಸೇರಿದೆ, ಒಂದೊಂದಾಗಿ ಹೇಳಮ್ಮ."

"ವೆಜ್, ನಾನ್‌ವೆಜ್ ಬಫೆ ಸರ್..."

"ನಾವು ಮಾಂಸ ಮುಟ್ಟಲ್ಲ. ಕಳಿ."

"ಸರ್, ಹಂಗೆ ಕಳೆಯೋಕೆ ಬರಲ್ಲ."

"ಮುಂದಕ್ಕೆ ಹೇಳು, ಆಮೇಲೆ ಬರುತ್ತೆ."

"ಡೈಲಿ ಎರಡು ಬಿಯರ್..."

"ರಾಮ ರಾಮ. ಕಳಿ."

ಕುದುರೆ ಸವಾರಿ ಕಳೆದೆ. ಹಗ್ಗದ ಮೇಲೆ ನಡೆಯುವುದನ್ನು ಕಳೆದೆ. ಸಂಸಾರಸ್ಥನಿಗೆ ಅದನ್ನು ಬೇರೆ ಕಲಿಸಬೇಕೆ? ಹೋಗುವುದು ಭಾನುವಾರ, ಬರುವುದು ಮಂಗಳವಾರ. ನಡುವೆ ಸೋಮವಾರ ನಮ್ಮದು ಒಪ್ಪೊತ್ತು, ಮಧ್ಯಾಹ್ನ ಉಂಡರೆ ರಾತ್ರಿಗೆ ಹಣ್ಣು ಹಾಲು ಮಾತ್ರ. ಸೋಮವಾರದ ರಾತ್ರಿಯೂಟ, ಇಬ್ಬರದೂ ಕಳೆದೆ. ಕೊನೆಗೆ ಅವಳು "ಸ್ವಿಮ್ಮಿಂಗ್ ಪೂಲ್ ಸರ್" ಎಂದಳು.

"ಕಳಿ."

"ಪೂಲ್ ಕಳೆಯೋಕೆ ಆಗೋದೇ ಇಲ್ಲ ಸರ್. ಅದು ಎಲ್ರಿಗೂ ಕಾಮನ್ನು. ಮೇಡಂ ಇಳೀಬಹುದಲ್ಲ?"

ಇಲ್ಲಿ ನಾನು ಒಂದು ಮಾತು ಹೇಳಿದೆ. ವ್ಯಾಪಾರದ ಬಿಸಿಯಲ್ಲಿ ಬಾಯಿಗೆ ಬಂದ ಮಾತು. "ನಮ್ಮ ಮನೆಯವರಿಗೆ ನೀರು ಕಂಡ್ರೇ ಭಯ ಕಣಮ್ಮ. ಸಂಪಿನ ಮುಚ್ಚಳ ತೆಗೆದ್ರೆ ನಾಲ್ಕು ಮಾರು ದೂರ ನಿಂತ್ಕೋತಾರೆ. ಅವರನ್ನ ಪೂಲ್ ಹತ್ರ ಬಿಟ್ಟು ಏನಾದ್ರೂ ಆದ್ರೆ ನೀನು ಜವಾಬ್ದಾರಿ ತಗೋತೀಯಾ?"

ಚೈತ್ರ ಗಾಬರಿಯಾಗಿ ಮ್ಯಾನೇಜರಿಗೆ ಫೋನ್ ಕೊಟ್ಟಳು. ಮ್ಯಾನೇಜರ್ ಇಂಗ್ಲಿಷಿನಲ್ಲಿ ಆರಂಭಿಸಿ, ಹಿಂದಿಯಲ್ಲಿ ಬಿಸಿಯಾಗಿ, ಕೊನೆಗೆ ಕನ್ನಡದಲ್ಲಿ ಶರಣಾದ. ಈಜು ಕಳೆದು ಹದಿನೆಂಟು ಸಾವಿರದ ನಾನೂರು. "ಕೊಸರು?" ಎಂದೆ. ಕೊಸರೆಂದರೇನೆಂದು ಚೈತ್ರ ಅವನಿಗೆ ವಿವರಿಸುವುದು ನನಗೆ ಕೇಳಿಸುತ್ತಿತ್ತು. ರೂಮಿಗೆ ಒಂದು ಬುಟ್ಟಿ ಹಣ್ಣು ಎಂದು ಒಪ್ಪಂದವಾಯಿತು. ಫೋನಿಟ್ಟು ಮಗಳ ಕಡೆ ನೋಡಿದೆ. "ಅಪ್ಪಾ, ನಿನ್ನ ಕಾಲಿಗೆ ಬೀಳ್ಬೇಕು" ಎಂದಳು. ಅದು ಹೊಗಳಿಕೆಯೋ ಅಲ್ಲವೋ ಎಂದು ವಿಚಾರಿಸಲು ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಹೋಗಿ ಇಳಿದೆವು. ಗಿರಿಜ ಒಂದು ಬ್ಯಾಗನ್ನು ಕೈಬಿಡದೆ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಒಡವೆ ಇರಬೇಕು ಎಂದುಕೊಂಡೆ. ಬಾಗಿಲಲ್ಲೇ ಎಲ್ಲರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಿದ್ದರು, ಹೆರಿಗೆ ಆಸ್ಪತ್ರೆಯಲ್ಲಿ ಕೂಸಿಗೆ ಕಟ್ಟುವಂತೆ. ಎಲ್ಲರಿಗೂ ನೀಲಿ, ನಮ್ಮಿಬ್ಬರಿಗೆ ಮಾತ್ರ ಹಸಿರು. ಇಡೀ ರೆಸಾರ್ಟಿನಲ್ಲಿ ಎರಡೇ ಹಸಿರು! ಎದೆ ಉಬ್ಬಿತು. ಗಿರಿಜ ತನ್ನ ಪಟ್ಟಿ ತಿರುಗಿಸಿ ನೋಡಿ, "ನಮಗ್ಯಾಕೆ ಬೇರೆ ಬಣ್ಣ?" ಎಂದಳು. "ಸ್ಪೆಷಲ್" ಎಂದೆ. ರೂಮು ಕಾರು ನಿಲ್ಲಿಸುವ ಜಾಗದ ಕಡೆಗಿತ್ತು. ಕಿಟಕಿಯ ಪರದೆ ಸರಿಸಿ, "ಇಲ್ಲಿಂದ ಪೂಲ್ ಕಾಣಲ್ವಲ್ಲ" ಎಂದಳು. "ಗಲಾಟೆ ಇಲ್ಲ, ಒಳ್ಳೇದಾಯ್ತು" ಎಂದೆ. ಬುಟ್ಟಿಯಲ್ಲಿ ಎರಡು ಸೇಬು, ಆರು ಏಲಕ್ಕಿ ಬಾಳೆ, ಒಂದು ಪುಟ್ಟ ಪರಂಗಿ ಹಣ್ಣು ಇದ್ದವು. ಎಣಿಸಿ ಇಟ್ಟೆ.

ಆ ರಾತ್ರಿಯ ಊಟ ನನ್ನ ಜೀವನದ ಸುಖದ ಊಟಗಳಲ್ಲೊಂದು. ಊಟಕ್ಕಲ್ಲ. ಪಕ್ಕದ ಮೇಜಿನಲ್ಲಿ ಜಯನಗರದ ದಂಪತಿ ಸಿಕ್ಕರು. ಗಂಡ ಬ್ಯಾಂಕಿನಿಂದ ನಿವೃತ್ತರಾದವರು, ಮಣಿಕಟ್ಟಿನಲ್ಲಿ ನೀಲಿ ಪಟ್ಟಿ. ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಗಂಟಲು ಸರಿಮಾಡಿಕೊಂಡು, "ಇಪ್ಪತ್ತೇಳು. ಸೀನಿಯರ್ ಸಿಟಿಜನ್ ಅಂತ ಒಂದು ಸಾವಿರ ಬಿಟ್ರು" ಎಂದರು. ನಾನು ನನ್ನದನ್ನು ಹೇಳಿದೆ. ಅವರ ಚಮಚದಿಂದ ಪನೀರು ಕೆಳಗೆ ಬಿತ್ತು. ಅವರ ಹೆಂಡತಿ ಅವರನ್ನು ನೋಡಿದ ನೋಟವಿದೆಯಲ್ಲ, ಅದನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬಹುದಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಎಚ್ಚರವಾದಾಗ ಗಿರಿಜ ಪಕ್ಕದಲ್ಲಿರಲಿಲ್ಲ. ಆ ಬ್ಯಾಗೂ ಇರಲಿಲ್ಲ. ಹುಡುಕುತ್ತಾ ಹೋದರೆ ಪೂಲಿನ ಕಡೆಯಿಂದ ಮಾತು ಕೇಳಿಸಿತು. ಹೋಗಿ ನೋಡುತ್ತೇನೆ, ಕಡುನೀಲಿ ಬಣ್ಣದ, ತುಂಬುತೋಳಿನ, ಮೊಣಕಾಲು ದಾಟುವ ಈಜುಡುಗೆ ತೊಟ್ಟು, ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು ನನ್ನ ಹೆಂಡತಿ ನೀರಿನ ಅಂಚಿನಲ್ಲಿ ನಿಂತಿದ್ದಾಳೆ. ಎದುರಿಗೆ ಕಾವಲಿನ ಲೈಫ್‌ಗಾರ್ಡ್, ಬಾಗಲಕೋಟೆ ಕಡೆಯವನು, ಎರಡೂ ಕೈ ಅಡ್ಡ ಹಿಡಿದಿದ್ದಾನೆ.

"ಬ್ಯಾಡ್ರಿ ಅಕ್ಕಾರ, ಇಳೀಬ್ಯಾಡ್ರಿ. ನಿಮಗ ನೀರ ಕಂಡ್ರ ಅಂಜಿಕಿ ಅಂತಲ್ರಿ. ಹಸಿರ ಪಟ್ಟಿ ಇದ್ದವ್ರನ್ನ ದಂಡೀಗೂ ಬಿಡಬ್ಯಾಡ ಅಂದಾರ."

"ಅಂಜಿಕೆನಾ? ಯಾರಪ್ಪ ಹಾಗಂದಿದ್ದು?"

"ನಿಮ್ಮ ಸಾಹೇಬ್ರ ಫೋನಿನ್ಯಾಗ ಹೇಳ್ಯಾರಂತ್ರಿ. ಅದಕ್ಕ ರೂಮೂ ನೀರ ಕಾಣದ ಕಡೆ ಕೊಟ್ಟಾರ."

ಗಿರಿಜ ತಿರುಗಿ ನನ್ನನ್ನು ನೋಡಿದಳು. ಹಿಂದಿನ ರಾತ್ರಿ ಬ್ಯಾಂಕಿನವರ ಹೆಂಡತಿ ನೋಡಿದ್ದು ಇದರ ಮುಂದೆ ಏನೇನೂ ಅಲ್ಲ.

"ನಿಂಗೆ ಈಜು ಬರುತ್ತೇಂತ ಯಾವತ್ತೂ ಹೇಳೇ ಇಲ್ವಲ್ಲೇ" ಎಂದೆ, ತಪ್ಪನ್ನು ಅವಳ ಕಡೆಗೆ ದಾಟಿಸುವ ಕೊನೆಯ ಪ್ರಯತ್ನವಾಗಿ.

"ನೀವು ಕೇಳಿದ್ರಾ? ತುರುವೇಕೆರೆಯಲ್ಲಿ ನಮ್ಮಪ್ಪ ಬಾವಿಗೆ ಹಗ್ಗ ಬಿಟ್ಟು ಕಲಿಸಿದ್ರು. ಮೇಲಿಂದ ಹಾರ್ತಿದ್ದೆ. ಮದುವೆಯಾಗಿ ಶಂಕರಪುರಕ್ಕೆ ಬಂದ್ಮೇಲೆ ಎಲ್ಲಿ ಈಜಲಿ? ನಿಮ್ಮ ಸಂಪಲ್ಲಿ ಈಜಲಾ?" ಟವೆಲ್ ಹೊದ್ದುಕೊಂಡು ರೂಮಿನ ಕಡೆ ಹೊರಟವಳು ನಿಂತು, "ನೀರಿರೋ ಜಾಗ ಅಂತ ಒಂದೇ ಒಂದು ಕೇಳಿದ್ದೆ. ಅದನ್ನೇ ಕಳೆದ್ರಾ?" ಎಂದಳು.

ಆಮೇಲೆ ಮಾತಿಲ್ಲ. ಗಿರಿಜ ಬೈದರೆ ನಾನು ತಡೆದುಕೊಳ್ಳುತ್ತೇನೆ. ಬೈಗುಳದಲ್ಲೂ ಚೌಕಾಸಿಗೆ ಜಾಗವಿರುತ್ತದೆ, ನಾಲ್ಕು ಮಾತನ್ನು ಎರಡಕ್ಕೆ ಇಳಿಸಬಹುದು. ಮೌನದ ಜೊತೆ ವ್ಯಾಪಾರ ಮಾಡುವುದು ಹೇಗೆ? ತಿಂಡಿಯ ಹೊತ್ತಿನಲ್ಲಿ ಅವಳ ತಟ್ಟೆಗೆ ನಾನೇ ಹೋಗಿ ಬಿಸಿ ಬಿಸಿ ಅಕ್ಕಿ ರೊಟ್ಟಿ ತಂದಿಟ್ಟೆ. ಒಪ್ಪೊತ್ತಿನ ದಿನ ಬೆಳಿಗ್ಗೆ ತಾನು ತಿನ್ನುವುದಿಲ್ಲ ಎಂಬುದನ್ನೂ ಅವಳು ಹೇಳಲಿಲ್ಲ. ಸುಮ್ಮನೆ ರೊಟ್ಟಿಯನ್ನು ನೋಡಿದಳು.

ನೆಟ್ಟಗೆ ಚೈತ್ರಳ ಮೇಜಿಗೆ ಹೋದೆ. ದನಿಯಿಂದ ನಾನು ಕಲ್ಪಿಸಿಕೊಂಡದ್ದಕ್ಕಿಂತ ಚಿಕ್ಕ ಹುಡುಗಿ, ಮದ್ದೂರಿನ ಕಡೆಯವಳು. ನನ್ನನ್ನು ಕಂಡೊಡನೆ ಕುರ್ಚಿಯಲ್ಲಿ ನೆಟ್ಟಗಾದಳು, ಮೊಳೆ ಹೊಡೆಯುವವನು ಬರುವುದನ್ನು ಕಂಡ ಹಲಗೆಯಂತೆ.

"ಪೂಲ್ ಎಷ್ಟಮ್ಮ?" ಎಂದೆ.

"ಸಾವಿರದ ಎಂಟುನೂರು ಸರ್" ಎಂದು ಹೇಳಿ, ಮೇಜಿನ ಅಂಚನ್ನು ಹಿಡಿದುಕೊಂಡಳು.

ಓದುಗ ಮಹಾಶಯರೇ, ನಾನು ಜೇಬಿಗೆ ಕೈಹಾಕಿ ಸಾವಿರದ ಎಂಟುನೂರು ತೆಗೆದು ಕೊಟ್ಟೆ. ಒಂದು ಮಾತಿಲ್ಲ. 'ಕೊನೆ ಬೆಲೆ ಹೇಳು' ಎನ್ನಲಿಲ್ಲ. ಬೇಡವೆಂದು ಹೊರಟವನಂತೆ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಲಿಲ್ಲ. ಕೊಸರು ಸಹಿತ ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ. ಚೈತ್ರ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಅವಳು ಬೆರಗಾಗಿದ್ದು ನನ್ನ ಔದಾರ್ಯಕ್ಕೆ ಎಂದು ತಿಳಿದು, ನೀಲಿ ಪಟ್ಟಿ ಹಿಡಿದುಕೊಂಡು ರಾಜನ ಹಾಗೆ ನಡೆದು ಬಂದೆ.

ಗಿರಿಜಳ ಮುಂದೆ ಪಟ್ಟಿ ಇಟ್ಟೆ. "ಎಷ್ಟಕ್ಕೆ ಇಳಿಸಿದ್ರಿ?" ಎಂದಳು. "ಇಳಿಸಲಿಲ್ಲ" ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ನನ್ನ ಹೆಂಡತಿ ನೀರಿಗಿಳಿದಳು. ಇಳಿದಳು ಎನ್ನುವುದು ತಪ್ಪು, ಹಾರಿದಳು. ಎರಡೂ ಕಾಲು ಮಡಿಸಿ, ಮೂಗು ಹಿಡಿದು, ಆಳವಿರುವ ಕಡೆಯಲ್ಲೇ ದುಡುಮ್ಮೆಂದು. ನೀರು ಲೈಫ್‌ಗಾರ್ಡಿನ ಕುರ್ಚಿಯವರೆಗೆ ಚಿಮ್ಮಿತು. ಅವನು "ಯವ್ವಾ!" ಎಂದು ಎದ್ದ. ಎದ್ದವನು ಹಾಗೇ ನಿಂತು ನೋಡಿದ, ಏಕೆಂದರೆ ಅವಳು ಆಗಲೇ ಆ ತುದಿ ಮುಟ್ಟಿ ತಿರುಗುತ್ತಿದ್ದಳು. ಬಾವಿ ಈಜು ಅದು; ಶಾಸ್ತ್ರೀಯವಲ್ಲ, ಸದ್ದು ಜಾಸ್ತಿ. ದಂಡೆಯ ಮೇಲೆ ಕುಳಿತಿದ್ದ ಮಕ್ಕಳು "ಆಂಟೀ, ಇನ್ನೊಂದ್ಸಲ!" ಎಂದು ಕೂಗಿದರು. ಬ್ಯಾಂಕಿನವರು ನನ್ನ ಪಕ್ಕ ಬಂದು, "ಯಾರ್ರೀ ಅದು?" ಎಂದರು. "ನಮ್ಮ ಮನೆಯವರು" ಎಂದೆ. ಹದಿನೆಂಟು ಸಾವಿರದ ನಾನೂರು ಎಂದಾಗ ನನ್ನ ದನಿ ಇಷ್ಟು ಗಟ್ಟಿಯಾಗಿರಲಿಲ್ಲ. ಆ ರಾತ್ರಿ ಅವಳಿಗೆ ವಿಪರೀತ ಹಸಿವು. ನಾನೇ ಕಳೆದಿದ್ದ ಊಟದ ಮನೆಯಿಂದ ಬಿರಿಯಾನಿಯ ಘಮ ತೇಲಿ ಬರುತ್ತಿತ್ತು. ಕೈಹಿಡಿದದ್ದು ಕೊಸರಿನ ಬುಟ್ಟಿ. ಆರು ಬಾಳೆಹಣ್ಣನ್ನೂ ಅವಳೇ ತಿಂದಳು. ಕೊಸರನ್ನು ಹಳಿಯುವವರು ಇದನ್ನು ನೆನಪಿಡಬೇಕು.

ಮಂಗಳವಾರ ಬೆಳಿಗ್ಗೆ ಅವಳು ಮತ್ತೆ ನೀರಿನಲ್ಲಿದ್ದಾಗ, ಗಿಡದ ಮರೆಯಲ್ಲಿದ್ದ ಒಂದು ಬೋರ್ಡು ನನ್ನ ಕಣ್ಣಿಗೆ ಬಿತ್ತು. 'ಪೂಲ್ ಮಾತ್ರ: ಒಬ್ಬರಿಗೆ 900.' ಎರಡು ಸಲ ಓದಿದೆ. ಚೈತ್ರಳನ್ನು ಅಲ್ಲಿಗೇ ಕರೆಸಿದೆ. ಅವಳ ಮುಖ ಕೆಂಪಾಯಿತು.

"ಸಾರ್, ಬೈಬೇಡಿ. ನೀವು ಹೆಂಗೂ ಅರ್ಧಕ್ಕೆ ಇಳಿಸ್ತೀರ ಅಂತ ಡಬಲ್ ಹೇಳ್ಬಿಟ್ಟೆ. ನೀವು ಪಟ್ ಅಂತ ಕೊಟ್ಬಿಟ್ರಿ. ಆಮೇಲೆ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ಅದಕ್ಕೆ ಇಬ್ಬರು ಅಂತ ಬಿಲ್ ಹಾಕ್ದೆ. ನಿಮ್ದೂ ಸೇರಿದೆ ಸಾರ್, ನೀವೂ ಇಳೀಬಹುದು."

ಗಿರಿಜ ನೀರಿನಿಂದ ತಲೆಯೆತ್ತಿದಳು. ಕಿವಿಯಲ್ಲಿ ನೀರು ಹೋಗಿದ್ದರೂ ಈ ಮಾತು ಸ್ಪಷ್ಟವಾಗಿ ಕೇಳಿಸಿತ್ತು. "ದುಡ್ಡು ಕೊಟ್ಟಿದೀರಲ್ಲ ರೀ, ಇಳೀರಿ! ಚೆಕ್‌ಔಟಿಗೆ ಇನ್ನೂ ಒಂದು ಗಂಟೆ ಇದೆ. ಒಂಬೈನೂರು ರೂಪಾಯಿ ನೀರಿಗೆ ಹಾಕ್ತೀರಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂಪಿನ ಮುಚ್ಚಳ ತೆಗೆದರೆ ನಾಲ್ಕು ಮಾರು ದೂರ ನಿಲ್ಲುವವನು ನಾನು. ಫೋನಿನಲ್ಲಿ ಹೆಂಡತಿಯ ಹೆಸರಿಗೆ ಬರೆಸಿದ್ದು ನನ್ನ ಭಯ. ಗಿರಿಜಳಿಗೆ ಇದು ಇಪ್ಪತ್ತೈದು ವರ್ಷದಿಂದ ಗೊತ್ತು. ಸಂಪು ತೊಳೆಯುವ ದಿನ ನನಗೆ ಅಂಗಡಿಯಲ್ಲಿ ತಪ್ಪಿಸಿಕೊಳ್ಳಲಾಗದ ಕೆಲಸ ಬೀಳುವುದನ್ನು ಅವಳು ಪ್ರತಿ ವರ್ಷ ನೋಡಿದ್ದಾಳೆ. ಆದರೆ ನೀರಿನ ಭಯ ಒಂದು ಕಡೆ, ದುಡ್ಡು ಕೊಟ್ಟು ಬಳಸದೆ ಬಿಡುವ ಭಯ ಒಂದು ಕಡೆ. ಯಾವುದು ಹೆಚ್ಚೆಂದು ನಿಮಗೆ ಈಗಾಗಲೇ ಅಂದಾಜಾಗಿರಬೇಕು. ಇಳಿದೆ. ಸೊಂಟದ ಮಟ್ಟದ ನೀರಿನಲ್ಲಿ, ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಕಣ್ಣುಮುಚ್ಚಿ ನಿಂತೆ. ಗಿರಿಜ ಬಂದು ಒಂದು ಕೈ ಬಿಡಿಸಿ ಹಿಡಿದುಕೊಂಡಳು. "ನನ್ನ ಟಿಕೆಟ್ಟಿಗೆ ನೀವು ಕೊಸರು" ಎಂದಳು.

ಹಾಗಾದರೆ ಈ 'ಎಲ್ಲ ಸೇರಿ' ರೆಸಾರ್ಟುಗಳಿಗೆ ಹೋಗಬಹುದೇ, ಕೊಟ್ಟ ದುಡ್ಡಿಗೆ ಮೋಸವಿಲ್ಲವೇ ಎಂದು ಕೇಳುತ್ತೀರಿ. ಧಾರಾಳವಾಗಿ ಹೋಗಿ. ಶನಿವಾರ ಬಿಟ್ಟು ಹೋಗಿ, ಭಾನುವಾರ ಮಧ್ಯಾಹ್ನದ ಮೇಲೆ ಬೆಲೆ ತಾನಾಗಿ ಮೆತ್ತಗಾಗುತ್ತದೆ. ಫೋನಿನಲ್ಲಿ ಲಾಟನ್ನು ನೆಲಕ್ಕೆ ಸುರಿಸಿ, ನಾಚಿಕೊಳ್ಳದೆ ಕಳೆಯಿರಿ, ಮ್ಯಾನೇಜರ್ ಕನ್ನಡಕ್ಕೆ ಬರುವವರೆಗೆ ಬಿಡಬೇಡಿ. ಆದರೆ ಕಳೆಯುವ ಮೊದಲು ಏನೇನು ಸೇರಿದೆ ಎಂಬ ಪಟ್ಟಿಯನ್ನು ಮನೆಯವರ ಮುಂದೆ ಒಮ್ಮೆ ಜೋರಾಗಿ ಓದಿ. ರೊಟ್ಟಿ ತಟ್ಟುವ ಸದ್ದು ಯಾವ ಸಾಲಿಗೆ ನಿಲ್ಲುತ್ತದೆ, ಕಿವಿಗೊಟ್ಟು ಕೇಳಿ. ಆ ಒಂದು ಸಾಲನ್ನು ಬಿಟ್ಟು ಉಳಿದದ್ದನ್ನು ಕಳೆಯಿರಿ. ಮತ್ತೆ, ಗಂಡಸರು ನೈಲಾನ್ ಚಡ್ಡಿಯನ್ನು ಮರೆಯದೆ ಮನೆಯಿಂದಲೇ ಒಯ್ಯಿರಿ. ಪಂಚೆಯಲ್ಲಿ ನೀರಿಗೆ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು, ಬೆಲೆ ಇನ್ನೂರೈವತ್ತು. ನಾನು ಬಿಡುತ್ತೇನೆಯೇ? ನೂರಕ್ಕೆ ಇಳಿಸಿದೆ. "ಕೊಸರು?" ಎಂದೆ. ಚೈತ್ರ ನಗುತ್ತಾ ಒಳಗೆ ಹೋಗಿ, ಈಜುವವರು ಹಾಕಿಕೊಳ್ಳುವ ಒಂದು ರಬ್ಬರಿನದ್ದನ್ನು ತಂದು, ನನ್ನ ತಲೆಗೆ ತಾನೇ ಎಳೆದು ಕೂರಿಸಿದಳು. ಬಳೇಪೇಟೆಯಲ್ಲಿ ಯಾರ ಕೈಲೂ ಆಗದ ಕೆಲಸ. ಟೋಪಿ ಚೆನ್ನಾಗಿಯೇ ಕೂತಿತ್ತು, ಎಂದು ಗಿರಿಜ ಈಗಲೂ ಹೇಳುತ್ತಾಳೆ.